ಇಬ್ಬರಿಗೆ ಒಂದೇ ಮಚ್ಚು

ಅಪ್ಪನ ಮಾಂಸದಂಗಡಿಯಲ್ಲಿ ಮಚ್ಚನ್ನು ಕೈಯಿಂದ ಕೈಗೆ ಕೊಡುವಂತಿರಲಿಲ್ಲ. ಬಾಯಿಬಿಟ್ಟು ಕೇಳುವಂತೆಯೂ ಇರಲಿಲ್ಲ. ಬೇಕಾದವರು ಮರದ ದಿಮ್ಮಿಯ ಅಂಚಿನಲ್ಲಿ ಎಡಗೈಯನ್ನು ಚಪ್ಪಟೆಯಾಗಿ ಊರಬೇಕು. ಅದನ್ನು ಕಂಡ ಕೂಡಲೇ ಮಚ್ಚು ಹಿಡಿದವರು, ಮೂಳೆ ಅರ್ಧ ಕಡಿದಿದ್ದರೂ ಸರಿ, ಮಚ್ಚನ್ನು ದಿಮ್ಮಿಯ ನಡುವೆ ಮಲಗಿಸಿ, ಹಿಡಿಯನ್ನು ಎದುರಿನವರ ಕಡೆಗೆ ತಿರುಗಿಸಿ, ತೋರುಬೆರಳು ನಡುಬೆರಳು ಜೋಡಿಸಿ ಮರವನ್ನು ಎರಡು ಸಲ ಬಡಿದು, ಕೈ ಎತ್ತಬೇಕು. ಕೈ ಮೇಲೆದ್ದದ್ದು ಕಣ್ಣಿಗೆ ಕಂಡ ಮೇಲೆಯೇ ಎದುರಿನವರು ಹಿಡಿಯನ್ನು ಮುಟ್ಟಬೇಕು. ಅಜ್ಜನ ಕಾಲದಲ್ಲಿ ಅವಸರದಲ್ಲಿ ಮಚ್ಚು ದಾಟಿಸುವಾಗ ಅಜ್ಜನ ತಮ್ಮನ ಹೆಬ್ಬೆರಳು ಹೋಯಿತಂತೆ. ಅಂದಿನಿಂದ ಬಂದದ್ದು ಈ ಕಟ್ಟಳೆ.

ಇನ್ನೊಂದು ಕಟ್ಟಳೆ ಅಪ್ಪ ತಾನೇ ಮಾಡಿಕೊಂಡದ್ದು. ಸಿಟ್ಟು ಬಂದರೆ ಮೊದಲು ಮಚ್ಚು ದಿಮ್ಮಿಯ ಮೇಲೆ. ಆಮೇಲೆ ಬಾಯಿ, ಆಮೇಲೆ ಕೈ, ಏನು ಬೇಕಾದರೂ.

ಅಪ್ಪನ ಕಿರಿಮಗಳು ಚಿಕ್ಕವಳು ಮತ್ತು ಹೊರಗಿನ ಹುಡುಗ ಕಡ್ಡಿ ಈ ಕೆಲಸ ಕಲಿತದ್ದು ಒಟ್ಟಿಗೆ. ಶಾಲೆಯಲ್ಲೂ ಒಂದೇ ತರಗತಿ, ಒಟ್ಟಿಗೇ ಗಣಿತದಲ್ಲಿ ನಪಾಸು. ಅಂಕಪಟ್ಟಿ ತಂದ ದಿನ ಅಪ್ಪ ಇಬ್ಬರದನ್ನೂ ತಿರುವಿ ಮುರುವಿ ನೋಡಿ, "ಪಕ್ಕೆಲುಬು ಎಷ್ಟು ಅಂತಾದ್ರೂ ಎಣಿಸೋಕೆ ಬರುತ್ತಾ ನಿಮಗೆ?" ಎಂದು ಕೇಳಿ, ಮಾರನೆಯ ದಿನದಿಂದ ಇಬ್ಬರನ್ನೂ ದಿಮ್ಮಿಯ ಎದುರುಬದುರು ನಿಲ್ಲಿಸಿದ. ಇಬ್ಬರಿಗೂ ಸೇರಿ ಒಂದೇ ಮಚ್ಚು. ಅಂಗಡಿಯಲ್ಲಿ ಮಚ್ಚಿಗೆ ಬರವಿತ್ತು ಅಂತಲ್ಲ. ಗೋಡೆಯ ಮೇಲೆ ಐದು ತೂಗುತ್ತಿದ್ದವು. ಕಲಿಯುವವರು ಕಡಿಯುವುದಕ್ಕಿಂತ ಮೊದಲು ಕಾಯುವುದನ್ನು ಕಲಿಯಬೇಕು ಎಂಬುದು ಅಪ್ಪನ ಲೆಕ್ಕ. ಎದುರಿನವರ ಕೈ ಏಳುವ ಮುಂಚೆ ಹಿಡಿ ಮುಟ್ಟಿದರೆ ಕೆನ್ನೆಗೆ ಒಂದು ಬೀಳುತ್ತಿತ್ತು. ಮಗಳು, ಹೊರಗಿನವನು ಎಂಬ ಭೇದವಿಲ್ಲ.

ಕಡ್ಡಿಗೆ ಆ ಹೆಸರಿಟ್ಟದ್ದು ಚಿಕ್ಕವಳೇ. ಆಗ ಅವನು ಅಂಗಿಯೊಳಗೆ ಹುಡುಕಬೇಕಾದಷ್ಟು ಸಣಕಲ. ಎರಡು ವರ್ಷದಲ್ಲಿ ಭುಜ ತುಂಬಿ, ಕುರಿಯ ಇಡೀ ತೊಡೆಯನ್ನು ಒಂದೇ ಕೈಯಲ್ಲಿ ಕೊಕ್ಕೆಗೆ ನೇತುಹಾಕುವಂತಾದ. "ಕಡ್ಡೀನ ಗುಡ್ಡ ಮಾಡಿದ್ದು ನನ್ನಂಗಡಿ ಮೂಳೆ" ಎಂದು ಅಪ್ಪ ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದ.

ಒಂದು ಮಧ್ಯಾಹ್ನ ಇಬ್ಬರೂ ಕೈ ಕೈ ಮಿಲಾಯಿಸಿದ್ದರು. ಯಾಕೆಂದು ಈಗ ನೆನಪಿಲ್ಲ, ರೇಡಿಯೋ ಇರಬೇಕು. ಅವಳು ಅವನ ಕಿವಿ ಕಚ್ಚಿದಳು. ಅವನು ಅವಳನ್ನು ತಕ್ಕಡಿಯ ಮೇಲೆ ನೂಕಿದ. ಅವಳು ತಿರುಗಿ ಕೊಟ್ಟ ಏಟಿಗೆ ಅವನ ಮೂಗೊಡೆಯಿತು. ಅವನು ಹಲ್ಲು ಕಡಿಯುತ್ತಾ ಗೋಡೆಯ ಮೇಲಿನ ಮಚ್ಚಿಗೆ ಕೈ ಹಾಕಿಯೇ ಬಿಟ್ಟ. ಅಪ್ಪ ಕೂಗಲಿಲ್ಲ, ಓಡಿ ಬರಲಿಲ್ಲ. ನಿಧಾನವಾಗಿ ಬಂದು ದಿಮ್ಮಿಯ ಅಂಚಿನಲ್ಲಿ ಎಡಗೈ ಊರಿದ. ಕಡ್ಡಿ, ಮೂಗಿನಿಂದ ರಕ್ತ ಹನಿಯುತ್ತಿದ್ದಂತೆಯೇ, ಮಚ್ಚನ್ನು ತಂದು ಮಲಗಿಸಿದ, ಹಿಡಿ ತಿರುಗಿಸಿದ, ಎರಡು ಸಲ ಬಡಿದು ಕೈ ಎತ್ತಿದ.

"ಹಾಂ, ಈಗ ಹೊಡೆದಾಡಿ. ಬೇಕಾದಷ್ಟು ಹೊಡೆದಾಡಿ" ಎಂದು ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವರಿಬ್ಬರಿಗೂ ನಗು ಬಂದು, ಹೊಡೆದಾಟ ಅಲ್ಲಿಗೇ ನಿಂತಿತು.

ನಾಯಿಯನ್ನು ತಂದವನೂ ಕಡ್ಡಿಯೇ. ಚರಂಡಿಯ ಬಳಿ ಸಿಕ್ಕ ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ಬಂದಿದ್ದ. ಎದೆಯ ಗುಂಡಿಗಳ ನಡುವಿನಿಂದ ಮೂಗು ಮಾತ್ರ ಕಾಣುತ್ತಿತ್ತು. ಅದಕ್ಕೆ ಮ್ಯಾನೇಜರ್ ಎಂದು ಹೆಸರಾಯಿತು, ಏಕೆಂದರೆ ತಾನೇನೂ ಮಾಡದೆ ಉಳಿದವರ ಕೆಲಸವನ್ನು ಇಡೀ ದಿನ ನೋಡುತ್ತಿತ್ತು. ದಿಮ್ಮಿಯ ಕೆಳಗೆ ಅದರ ಜಾಗ. ಮಚ್ಚು ಕೈ ಬದಲಿಸುವ ಹೊತ್ತಿಗೆ ಚೂರುಪಾರನ್ನು ಕೆಳಗೆ ಗುಡಿಸಿ ಹಾಕುವುದು ರೂಢಿ. ಹಾಗಾಗಿ ಎರಡು ಬಡಿತ ಕೇಳಿದರೆ ಮ್ಯಾನೇಜರ್ ಎಂಥ ನಿದ್ದೆಯಲ್ಲಿದ್ದರೂ ಎದ್ದು ಬಂದು, ಬಾಯಿ ತೆರೆದು ಕೂರುತ್ತಿತ್ತು.

ಅಂಗಡಿಯಲ್ಲಿ ರಕ್ತ ಕಂಡರೆ ಆಗದಿದ್ದವಳು ಅಕ್ಕ ಒಬ್ಬಳೇ. ಅವಳು ತಕ್ಕಡಿಯ ಹತ್ತಿರ ನಿಂತು ತೂಗುವುದು, ಪೊಟ್ಟಣ ಕಟ್ಟುವುದು. ಮಚ್ಚನ್ನು ಅವಳು ಜನ್ಮದಲ್ಲಿ ಮುಟ್ಟಿರಲಿಲ್ಲ. ಕಡ್ಡಿ ಅವಳನ್ನು ಮದುವೆಯಾಗಬೇಕೆಂದು ಚಿಕ್ಕವಳ ಹತ್ತಿರ ಹೇಳಿಕೊಂಡಾಗ ಅವಳು ಮೊದಲು ನಕ್ಕಳು, ಆಮೇಲೆ ಅಕ್ಕನಿಗೆ ಹೇಳಿದಳು, ಅಪ್ಪನಿಗೂ ಹೇಳಿದಳು. ಮೂರನೆಯ ದಿನ ಅಪ್ಪ, "ನೀನು ಹೊಣೆ ಹೊರ್ತೀಯಾ?" ಎಂದು ಕೇಳಿದ.

"ಹೊರ್ತೀನಿ."

ಎಂಟು ವರ್ಷ ಒಂದೇ ಮಚ್ಚನ್ನು ಹಂಚಿಕೊಂಡವರು. ಅಷ್ಟೂ ವರ್ಷದಲ್ಲಿ ಅವನ ಕೈ ಒಂದು ಸಲವೂ ತಪ್ಪಿರಲಿಲ್ಲ. ದಿಮ್ಮಿಯ ಹತ್ತಿರ ಸರಿಯಾಗಿದ್ದವನು ಮನೆಯಲ್ಲೂ ಸರಿಯಾಗಿರುತ್ತಾನೆ ಎಂದು ಅವಳು ತಿಳಿದಿದ್ದಳು.

ಮದುವೆಯಾದ ಮೇಲೆ ಕಡ್ಡಿ ಊರಿನ ಆ ತುದಿಯಲ್ಲಿ ತನ್ನದೇ ಅಂಗಡಿ ತೆರೆದ. ಅಪ್ಪನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ಹೋಯಿತು. ಚಿಕ್ಕವಳು ಒಬ್ಬಳೇ ದಿಮ್ಮಿಯ ಹಿಂದೆ ನಿಂತಳು. ಎದುರಿನಲ್ಲಿ ಯಾರೂ ಇಲ್ಲದಿದ್ದರೂ ಮಚ್ಚು ಇಡುವಾಗಲೆಲ್ಲ ಅವಳ ಬೆರಳು ತಾನಾಗಿ ಎರಡು ಸಲ ಬಡಿಯುತ್ತಿತ್ತು. ಮ್ಯಾನೇಜರ್‌ಗೆ ಮೋಸವಾಗಬಾರದಲ್ಲ.

ಮದುವೆಯಾದ ನಾಲ್ಕನೆಯ ವರ್ಷ ಅಕ್ಕ ಮೊದಲ ಸಲ ಬಂದಳು. ತುಟಿ ಸೀಳಿತ್ತು. ಬಂದವಳು ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಮೂರು ದಿನದ ಮೇಲೆ ಕಡ್ಡಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ಮ್ಯಾನೇಜರ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ಚಿಕ್ಕವಳು ಒಳಗೆ ಹೋಗಿ ಅಕ್ಕನ ಪಕ್ಕ ಕುಳಿತಳು.

"ಹೋಗಕ್ಕಾ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ."

ಅಕ್ಕ ಗೋಡೆಯ ಕಡೆಯಿಂದ ತಿರುಗಲಿಲ್ಲ. "ಉಂಡೂ ಆಗಿರುತ್ತೆ, ಮಲಗೂ ಆಗಿರುತ್ತೆ ಕಣೇ. ಆಮೇಲೇ ಅವನು ಶುರು ಮಾಡೋದು."

"ಅವನು ಅಂಥೋನಲ್ಲ. ನಂಗೊತ್ತಿಲ್ವಾ?"

ಅಕ್ಕ ಎದ್ದು, ತಲೆ ಬಾಚಿಕೊಂಡು, ಅವನ ಹಿಂದೆ ಹೋದಳು. ಹೋಗುವಾಗ ತಂಗಿಯ ಕಡೆ ನೋಡಲಿಲ್ಲ.

ಎರಡನೆಯ ಸಲ ಬಂದದ್ದು ಆರು ತಿಂಗಳ ಮೇಲೆ. ಬೆಳಿಗ್ಗೆ ಚಿಕ್ಕವಳು ಅಂಗಡಿಯ ಶಟರ್ ಎತ್ತುವಾಗ ಅಕ್ಕ ಹೊರಗೆ ನಿಂತಿದ್ದಳು, ಒಂದೇ ಕಾಲಿಗೆ ಚಪ್ಪಲಿ. ಬಲಗೈಯನ್ನು ಎಡಗೈ ಹೊತ್ತುಕೊಂಡಿತ್ತು, ಬೇರೆ ಯಾರದೋ ಮಗುವನ್ನು ಹೊತ್ತುಕೊಂಡ ಹಾಗೆ. ಆಸ್ಪತ್ರೆಯಲ್ಲಿ ಡಾಕ್ಟರು, ಬಿದ್ದಿರಾ ಎಂದು ಕೇಳಿದರು. ಅಕ್ಕ ಇಲ್ಲ ಎಂದಳು. ಮುಂದೆ ಅವರು ಕೇಳಲಿಲ್ಲ, ಪ್ಲಾಸ್ಟರ್ ಹಾಕಿದರು.

ಹಿಂತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕ ತಾನಾಗಿ ಹೇಳಿದಳು. "ಬಾತ್‌ರೂಮ್ ಬಾಗಿಲ ಸಂದೀಲಿ ಕೈ ಇಟ್ಟು ಬಾಗಿಲು ಹಾಕ್ದ. ಒಂದು ಸಲಕ್ಕೆ ಮುರೀಲಿಲ್ಲ ಅಂತ ಇನ್ನೊಂದು ಸಲ ಹಾಕ್ದ."

"ಯಾಕೆ?"

"ಟೀಗೆ ಸಕ್ಕರೆ ಜಾಸ್ತಿ ಅಂತ. ಹಿಂದಿನ ದಿನ ಕಮ್ಮಿ ಅಂತ ಬೈದಿದ್ದ."

ಬಸ್ಸು ಎರಡು ನಿಲ್ದಾಣ ದಾಟಿತು.

"ಈ ಸಲ ಕಳಿಸ್ಬೇಡ ಕಣೇ" ಎಂದಳು ಅಕ್ಕ. "ಈ ಸಲ ಹೋದ್ರೆ ಮೂರನೇ ಸಲ ಬರಲ್ಲ ನಾನು."

"ಕಳಿಸಲ್ಲ."

"ಆವಾಗ್ಲೂ ಹೊಣೆ ಹೊರ್ತೀನಿ ಅಂದಿದ್ದೆ."

ಚಿಕ್ಕವಳು ತನ್ನ ಒಂದು ಚಪ್ಪಲಿ ಕಳಚಿ ಅಕ್ಕನ ಬರಿಗಾಲಿನ ಕಡೆ ಸರಿಸಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಕಡ್ಡಿ ಬಂದ. ಅಂಗಡಿಯಲ್ಲಿ ಟೀಚರಮ್ಮ ಒಬ್ಬರೇ ಇದ್ದರು. ಎದುರು ಬೀದಿಯ ಶಾಲೆಯಿಂದ ನಿವೃತ್ತರಾದವರು. ಕಡ್ಡಿ ಮತ್ತು ಚಿಕ್ಕವಳನ್ನು ಗಣಿತದಲ್ಲಿ ನಪಾಸು ಮಾಡಿದ ಪುಣ್ಯಾತ್ಗಿತ್ತಿ ಇವರೇ. ಮೂಳೆ ಜಾಸ್ತಿ ಹಾಕಿದೆ ಎಂದು ಜಗಳವಾಡದೆ ಅವರು ಪೊಟ್ಟಣ ತೆಗೆದುಕೊಂಡ ದಿನವಿಲ್ಲ.

"ಇದು ಮಾಂಸಾನೋ ಸೌದೇನೋ? ಒಲೆಗೆ ಹಾಕ್ಲಾ ಪಾತ್ರೆಗೆ ಹಾಕ್ಲಾ?"

"ಕುರಿ ಮೂಳೆ ಇಲ್ದೆ ಹೇಗೆ ನಿಲ್ಲುತ್ತೆ ಟೀಚರ್? ಅದೂ ನಮ್ಮ ಥರ ಬೆಂಚ್ ಮೇಲೆ ನಿಂತ್ಕೋಬೇಕಲ್ವಾ?" ಎಂದು ಚಿಕ್ಕವಳು ಮುಂಗಾಲನ್ನು ದಿಮ್ಮಿಯ ಮೇಲೆಳೆದು ಮಚ್ಚೆತ್ತಿದಳು.

ಮ್ಯಾನೇಜರ್ ದಿಮ್ಮಿಯ ಕೆಳಗಿನಿಂದ ಬಾಣದಂತೆ ಹೊರಗೋಡಿತು. ಬಾಲದ ಜೊತೆ ಇಡೀ ಸೊಂಟವನ್ನೇ ಆಡಿಸುತ್ತಾ ಯಾರದೋ ಕಾಲು ಸುತ್ತಿತು. ಅದು ಹಾಗೆ ಸುತ್ತುತ್ತಿದ್ದದ್ದು ಒಬ್ಬನನ್ನೇ. ಚಿಕ್ಕವಳು ತಲೆ ಎತ್ತಿದಳು.

ಕಡ್ಡಿ ಗಡ್ಡ ಹೆರೆಸಿದ್ದ, ಇಸ್ತ್ರಿ ಅಂಗಿ ಹಾಕಿದ್ದ. ಬಗ್ಗಿ ನಾಯಿಯ ಕಿವಿ ಕೆರೆದ. "ಏನಪ್ಪಾ ಮ್ಯಾನೇಜರ್, ಕೆಲ್ಸ ಹೇಗೆ ನಡೀತಿದೆ?" ಆಮೇಲೆ ಮೂಲೆಯ ಕುರ್ಚಿಯಲ್ಲಿದ್ದ ಅಪ್ಪನ ಕಡೆ ತಿರುಗಿ, "ಚೆನ್ನಾಗಿದೀರಾ ಮಾವ?" ಎಂದ. ಅಪ್ಪನ ಎಡಗಣ್ಣು ಅವನನ್ನೇ ನೋಡುತ್ತಿತ್ತು. "ನಮಸ್ಕಾರ ಟೀಚರ್."

"ನಮಸ್ಕಾರ" ಎಂದ ಟೀಚರಮ್ಮ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ಕರಿ ಅವಳನ್ನ" ಎಂದ ಚಿಕ್ಕವಳಿಗೆ. "ಮನೇಲಿ ಪಾತ್ರೆ ಹಾಗೇ ಬಿದ್ದಿವೆ."

"ಅವಳ ಕೈ ಮುರಿದಿದೆ."

"ಇನ್ನೊಂದು ಇದ್ಯಲ್ಲ."

ಅದನ್ನು ಅವನು ತಮಾಷೆಗೆ ಹೇಳಿದ, ಹಿಂದೆ ಇಬ್ಬರೂ ಮಾತಾಡುತ್ತಿದ್ದ ಧಾಟಿಯಲ್ಲೇ. ಅವಳ ತುಟಿಯ ಮೂಲೆ ಅಭ್ಯಾಸ ಬಲದಿಂದ ನಗಲು ಹೊರಟಿತು. ಆ ಒಂದು ಕ್ಷಣಕ್ಕಾಗಿ ಅವಳು ಆಮೇಲೆ ತನ್ನನ್ನು ಬಹಳ ಕಾಲ ಕ್ಷಮಿಸಲಿಲ್ಲ.

"ಬರಲ್ಲ ಅವಳು. ನೀನು ಹೋಗು ಕಡ್ಡಿ."

"ಭಾವ ಅನ್ನೋಕೆ ಏನು ರೋಗ ನಿಂಗೆ?"

"ಭಾವ ಅನ್ನೋ ಹಾಗೆ ನಡ್ಕೋ, ಅಂತೀನಿ."

ಅಷ್ಟರಲ್ಲಿ ಅಕ್ಕ ತಾನೇ ಹಿಂದಿನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಪ್ಲಾಸ್ಟರ್ ಹಾಕಿದ ಕೈ ಕೊರಳಿನಿಂದ ತೂಗುತ್ತಿತ್ತು. ಮುಖದ ಬಣ್ಣ ಮಾಸಿದ ಬಟ್ಟೆಯದು, ಧ್ವನಿ ಮಾತ್ರ ನೆಟ್ಟಗಿತ್ತು. "ನಾನು ಬರಲ್ಲ. ಪಾತ್ರೆ ನೀನೇ ತೊಳ್ಕೋ."

ಕಡ್ಡಿ ನಕ್ಕ. ನಗುತ್ತಲೇ ನಾಲ್ಕು ಹೆಜ್ಜೆಯಲ್ಲಿ ಒಳಗೆ ಹೋಗಿ, ಪ್ಲಾಸ್ಟರ್ ಹಾಕಿದ ಕೈಯನ್ನೇ ಹಿಡಿದು ಎಳೆದ. ಅಕ್ಕನ ಬಾಯಿಂದ ಬಂದ ಸದ್ದು ಮನುಷ್ಯರದಾಗಿರಲಿಲ್ಲ. ಅವಳು ಮಂಡಿಯೂರಿ ಬಿದ್ದಳು. ಅವನು ಹಾಗೇ ಎಳೆದ. ತೊಳೆದ ನೆಲದ ಮೇಲೆ ಅವಳ ಮಂಡಿಗಳು ಜಾರುತ್ತಾ ಬಂದವು.

ಚಿಕ್ಕವಳ ಕೈಯಲ್ಲಿ ಮಚ್ಚಿತ್ತು. ಹನ್ನೆರಡು ವರ್ಷದ ಪಾಠ ಅವಳ ತೋಳಿನಲ್ಲಿತ್ತು: ಸಿಟ್ಟು ಬಂದರೆ ಮೊದಲು ಮಚ್ಚು ದಿಮ್ಮಿಯ ಮೇಲೆ. ಅವಳು ಮಚ್ಚನ್ನು ಮಲಗಿಸಿದಳು. ಹಿಡಿ ಆ ಕಡೆಗೆ ತಿರುಗಿತು. ಬೆರಳು ಎರಡು ಸಲ ಬಡಿಯಿತು. ಕೈ ಮೇಲೆದ್ದಿತು. ಬರಿಗೈಯಲ್ಲಿ ಅವನ ಮೇಲೆ ಬೀಳಲು ಅವಳು ದಿಮ್ಮಿಯನ್ನು ಸುತ್ತಿ ಹೊರಟಳು.

ಕಡ್ಡಿ ಆಗ ಸರಿಯಾಗಿ ದಿಮ್ಮಿಯ ಆ ಬದಿಗೆ, ಅವನು ಎಂಟು ವರ್ಷ ನಿಂತ ಜಾಗಕ್ಕೆ ಬಂದಿದ್ದ. ಬಡಿತ ಕೇಳಿದ್ದೇ ಅವನ ಬಲಗೈ ಮಚ್ಚನ್ನು ಎತ್ತಿಕೊಂಡಿತು.

ಅವನಿಗೇ ಆಶ್ಚರ್ಯವಾಯಿತು. ಕೈಯಲ್ಲಿದ್ದ ಮಚ್ಚನ್ನು ನೋಡಿದ, ಅವಳನ್ನು ನೋಡಿದ. ಅವನು ಇದಕ್ಕೆಂದು ಬಂದಿರಲಿಲ್ಲ. ಅದು ಅವಳಿಗೂ ಗೊತ್ತಾಯಿತು. ಮ್ಯಾನೇಜರ್ ಬಂದು ಇಬ್ಬರ ನಡುವೆ ಬಾಯಿ ತೆರೆದು ಕುಳಿತಿತು. ಆಮೇಲೆ ಅವನ ಮುಖದಿಂದ ಆಶ್ಚರ್ಯ ಇಳಿದುಹೋಯಿತು. ಕೈಗೆ ಭಾರ ಸಿಕ್ಕಿತ್ತು, ಆ ಭಾರ ಅವನಿಗೆ ಹಿತವಾಗಿತ್ತು.

ಮೊದಲ ಏಟು ಚಿಕ್ಕವಳ ಎಡಭುಜಕ್ಕೆ ಬಿತ್ತು. ನೋವಾಗಲಿಲ್ಲ, ಯಾರೋ ತಣ್ಣೀರು ಎರಚಿದ ಹಾಗಾಯಿತು. ಅವಳು ಕೊಕ್ಕೆಗಳ ಸಾಲಿಗೆ ಬೆನ್ನು ಬಡಿದು ಕುಸಿದಳು. ತೂಗುತ್ತಿದ್ದ ಪಕ್ಕೆಗಳು ಅವಳ ಮೇಲೆ ಓಲಾಡಿದವು. ಟೀಚರಮ್ಮ ಕಿರುಚಿ ಪೊಟ್ಟಣವನ್ನು ಅವನ ಮುಖಕ್ಕೆಸೆದರು. ಎರಡನೆಯ ಏಟಿಗೆ ತಕ್ಕಡಿಯ ಗಾಜು ಚೂರಾಯಿತು. ಮೂಲೆಯಲ್ಲಿ ಅಪ್ಪ ಒಂದೇ ಕೈಯಲ್ಲಿ ಕುರ್ಚಿಯಿಂದ ತನ್ನನ್ನು ತಳ್ಳಿಕೊಂಡು ಎದ್ದ. ಎರಡು ವರ್ಷದಿಂದ ಏಳದವನು ಎದ್ದು, ಒಂದು ಹೆಜ್ಜೆ ಇಟ್ಟ. ಕಡ್ಡಿ ಕಾಲಿನಿಂದ ಒದ್ದ. ಅಪ್ಪ ಮರದ ಹಾಗೆ ಬಿದ್ದ. ಹಣೆ ಕುರ್ಚಿಯ ಅಂಚಿಗೆ ತಾಗಿ ಸೀಳಿತು.

"ಮೂರು ಜನಾನೂ ಸೇರಿ ನನ್ನ ನಾಯಿ ಮಾಡಿಟ್ಕೊಂಡಿದ್ರಿ" ಎಂದು ಕಡ್ಡಿ ಕೂಗುತ್ತಿದ್ದ. "ಎಂಟು ವರ್ಷ! ಕೈ ಊರಿದ್ರೆ ಕೊಡು, ಬಡಿದ್ರೆ ತಗೋ! ಈಗ ನಂದು. ಈಗ ನಾನು ಹೇಳ್ತೀನಿ!"

ಅವನು ಅಕ್ಕನ ಜಡೆಯನ್ನು ಮುಷ್ಟಿಗೆ ಸುತ್ತಿ, ಅವಳ ತಲೆಯನ್ನು ದಿಮ್ಮಿಯ ಮೇಲಕ್ಕೆಳೆದ. ಅಕ್ಕನ ಕೆನ್ನೆ ಮರಕ್ಕೆ ಅಂಟಿತು. ಅವಳು ಕೂಗಲಿಲ್ಲ. ಕಣ್ಣು ತೆರೆದೇ ಇದ್ದವು, ತಂಗಿಯನ್ನು ನೋಡುತ್ತಿದ್ದವು. ಈ ಸಲ ಕಳಿಸ್ಬೇಡ ಕಣೇ.

ಮಚ್ಚು ಮೇಲೆದ್ದಿತು.

ಚಿಕ್ಕವಳು ಎದ್ದದ್ದು ಹೇಗೆಂದು ಅವಳಿಗೆ ಗೊತ್ತಿಲ್ಲ. ದಿಮ್ಮಿಯ ಈ ಬದಿಗೆ, ತನ್ನ ಜಾಗಕ್ಕೆ ಬಂದು ನಿಂತಳು. ಅಂಗಲಾಚಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ. ರಕ್ತ ಭುಜದಿಂದ ಮೊಣಕೈಗೆ, ಮೊಣಕೈಯಿಂದ ಬೆರಳಿಗೆ ಇಳಿಯುತ್ತಿದ್ದ ಎಡಗೈಯನ್ನು ದಿಮ್ಮಿಯ ಅಂಚಿನಲ್ಲಿ ಚಪ್ಪಟೆಯಾಗಿ ಊರಿದಳು.

ಕಡ್ಡಿಯ ಕಣ್ಣು ಆ ಕೈಯ ಮೇಲೆ ಬಿತ್ತು.

ಅವನು ಇನ್ನೂ ಏನೋ ಕೂಗುತ್ತಿದ್ದ. ಬಾಯಿ ಕೂಗುತ್ತಲೇ ಇತ್ತು, ತೋಳು ಕೆಳಗಿಳಿಯಿತು. ಮಚ್ಚು ಅಕ್ಕನ ಮುಖದ ಪಕ್ಕ ಮಲಗಿತು. ಹಿಡಿ ಚಿಕ್ಕವಳ ಕಡೆಗೆ ತಿರುಗಿತು. ಅವನ ಎರಡು ಬೆರಳು ಮರವನ್ನು ಬಡಿದವು. ಒಂದು. ಎರಡು.

ಕೈ ಏಳುವವರೆಗೆ ಕಾಯಬೇಕು. ಎಷ್ಟೋ ಸಾವಿರ ಸಲ ಅವಳು ಕಾದಿದ್ದಳು. ಒಂದು ಉಸಿರಿನಷ್ಟೂ ಅಲ್ಲ, ಅದರ ಕಾಲುಭಾಗ. ಅವಳು ಕಾಯಲಿಲ್ಲ. ಅವನ ಬೆರಳು ಮರದ ಮೇಲಿರುವುದು ಅವಳಿಗೆ ಕಾಣುತ್ತಿತ್ತು, ಉಗುರಿನ ಸಂದಿಯ ಕೊಳೆ ಕೂಡ ಕಾಣುತ್ತಿತ್ತು. ಅವಳು ಹಿಡಿಯನ್ನು ಹಿಡಿದು, ಎತ್ತಿ, ಇಳಿಸಿದಳು. ಮುಂಗಾಲಿನ ಗೆಣ್ಣು ಕಡಿಯಲು ಎಷ್ಟು ಬಲ ಬೇಕೋ ಅಷ್ಟೇ. ಒಂದೇ ಏಟು. ಅಪ್ಪ ಕಲಿಸಿದ್ದೂ ಹಾಗೆಯೇ.

ಕಡ್ಡಿ ಜಡೆ ಬಿಟ್ಟ. ಬಲಗೈಯನ್ನು ಮುಖದ ಹತ್ತಿರ ತಂದುಕೊಂಡು, ಕಳೆದದ್ದನ್ನು ಹುಡುಕುವವನಂತೆ ನೋಡಿದ. ಆಮೇಲೆ ನೆಲದ ಮೇಲೆ ಕುಳಿತು, "ಅಯ್ಯೋ, ನಾನು ಕೊಟ್ನಲ್ಲೇ" ಎಂದ ಮಗುವಿನ ಧ್ವನಿಯಲ್ಲಿ. "ಕೊಟ್ನಲ್ಲ ನಾನು. ಬಡಿದ್ನಲ್ಲ."

ಅವಳು ಮಚ್ಚನ್ನು ಇಡಲಿಲ್ಲ. ಅವನು ಎದ್ದರೆ ಇನ್ನೊಂದು ಸಲ ಕಡಿಯುತ್ತಿದ್ದಳು. ಅದೂ ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅವನು ಏಳಲಿಲ್ಲ.

ಬಡಿತ ಕೇಳಿ ಮ್ಯಾನೇಜರ್ ಆಗಲೇ ಬಂದು ಕುಳಿತಿತ್ತು. ದಿಮ್ಮಿಯಿಂದ ಬಿದ್ದದ್ದನ್ನು ದಿನವೂ ತಿನ್ನುವಂತೆ ಅಂದೂ ತಿಂದಿತು.

ಆಮೇಲೆ ಜನ ಸೇರಿದರು. ಕಡ್ಡಿಯನ್ನು ಒಂದು ಗಾಡಿಯಲ್ಲಿ, ಅಪ್ಪನನ್ನೂ ಚಿಕ್ಕವಳನ್ನೂ ಇನ್ನೊಂದರಲ್ಲಿ ಆಸ್ಪತ್ರೆಗೆ ಒಯ್ದರು. ಬೆರಳು ಸಿಕ್ಕರೆ ಐಸಿನಲ್ಲಿಟ್ಟು ಬೇಗ ಕಳಿಸಿ, ಜೋಡಿಸಬಹುದು ಎಂದು ಡಾಕ್ಟರು ಹೇಳಿದರಂತೆ. ಒಬ್ಬ ಪೇದೆ ಅಂಗಡಿಗೆ ಬಂದು ದಿಮ್ಮಿಯ ಸುತ್ತ, ಗಾಜಿನ ಚೂರುಗಳ ನಡುವೆ, ಮಾಂಸದ ತಟ್ಟೆಗಳಲ್ಲಿ ಬಗ್ಗಿ ಬಗ್ಗಿ ಹುಡುಕಿದ. ಅಲ್ಲಿ ಎಲ್ಲವೂ ಒಂದೇ ಥರ ಕಾಣುತ್ತಿತ್ತು. ಬೆವರು ಒರೆಸಿಕೊಂಡು ಅಕ್ಕನನ್ನು ಕೇಳಿದ, "ಎಲ್ಲಿ ಹೋಯ್ತಮ್ಮ?"

ಅಕ್ಕ ದಿಮ್ಮಿಯ ಕೆಳಗೆ ನೋಡಿದಳು. ಮ್ಯಾನೇಜರ್ ಮುಂಗಾಲಿನ ಮೇಲೆ ಗಲ್ಲವಿಟ್ಟು ಮಲಗಿತ್ತು.

"ಚರಂಡಿಗೆ ಹೋಗಿರ್ಬೇಕು" ಎಂದಳು.

ಚಿಕ್ಕವಳ ಭುಜಕ್ಕೆ ಹದಿನಾಲ್ಕು ಹೊಲಿಗೆ ಬಿದ್ದವು. ಮಧ್ಯಾಹ್ನ ಆಸ್ಪತ್ರೆಯ ಪಡಸಾಲೆಯಲ್ಲಿ ಇನ್ಸ್‌ಪೆಕ್ಟರ್ ಬಂದು ಅವಳ ಪಕ್ಕದ ಬೆಂಚಿನಲ್ಲಿ ಕುಳಿತರು. ಅವರ ಪಕ್ಕದಲ್ಲಿ ಕರೆಯದೆ ಬಂದ ಟೀಚರಮ್ಮ.

"ನೋಡಮ್ಮ, ಒಂದೇ ಪ್ರಶ್ನೆ. ನೀನು ಏಟು ಹಾಕಿದಾಗ ಮಚ್ಚು ಅವನ ಕೈಲಿತ್ತಾ, ಕೆಳಗಿತ್ತಾ?"

"ಕೈಲೇ ಇತ್ತು!" ಎಂದರು ಟೀಚರಮ್ಮ. "ನಾನು ಕಣ್ಣಾರೆ ನೋಡಿದೀನಿ. ಇವಳು ಕಿತ್ಕೊಂಡ್ಲು, ಕಿತ್ಕೊಳ್ಳೋವಾಗ ಬೆರಳಿಗೆ ತಾಗ್ತು. ಬರ್ಕೊಳ್ಳಿ. ನಲವತ್ತು ವರ್ಷ ಪಾಠ ಮಾಡಿದೋಳು ನಾನು, ಸುಳ್ಳು ಹೇಳ್ತೀನಾ?"

"ನಿಮ್ಮನ್ನ ಆಮೇಲೆ ಕೇಳ್ತೀನಿ ಟೀಚರ್."

"ಆಮೇಲೆ ಕೇಳಿದ್ರೂ ಇದೇ ಉತ್ತರ."

ಚಿಕ್ಕವಳು ಟೀಚರಮ್ಮನ ಸೀರೆಯ ಅಂಚಿನಲ್ಲಿ ಒಣಗಿದ ರಕ್ತದ ಕಲೆಯನ್ನು ನೋಡಿದಳು. ಅದು ತನ್ನದೋ ಕುರಿಯದೋ ತಿಳಿಯಲಿಲ್ಲ. ಹೌದು ಎಂದರೆ ಮುಗಿಯುತ್ತಿತ್ತು. ಮಾತಾಡಲಾರದ ಅಪ್ಪನಿಗೆ ಸಾಕ್ಷಿ ಹೇಳಲಾಗದು; ಅಕ್ಕ ಹೇಳುವುದಿಲ್ಲ.

"ಕೆಳಗಿತ್ತು" ಎಂದಳು. "ಅವನು ಇಟ್ಟಿದ್ದ. ಎರಡು ಸಲ ಬಡಿದ. ಅವನು ಕೈ ಎತ್ತೋವರೆಗೂ ಕಾಯ್ಬೇಕಿತ್ತು ನಾನು. ಕಾಯ್ಲಿಲ್ಲ."

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದರು. "ಬಡಿದ ಅಂದ್ರೆ? ನಿನ್ನನ್ನ ಬಡಿದ್ನಾ?"

"ಇಲ್ಲ. ಮರಾನ."

"ಯಾಕೆ?"

"ಕೊಟ್ಟೆ ಅಂತ."

ಟೀಚರಮ್ಮ ಹಣೆ ಚಚ್ಚಿಕೊಂಡರು. "ಆವಾಗ್ಲೂ ಅಷ್ಟೇ! ಪಕ್ಕದಲ್ಲಿ ಉತ್ತರ ಬರೆದಿಟ್ಟಿದ್ರೂ ನೋಡಿ ಬರೀಲಿಲ್ಲ ಈ ದಡ್ಡಿ!"

ಇನ್ಸ್‌ಪೆಕ್ಟರ್ ಪುಸ್ತಕ ಮುಚ್ಚಿ, ಠಾಣೆಗೆ ಬಂದು ಇದನ್ನೇ ಬರೆದು ಸಹಿ ಹಾಕಬೇಕಾಗುತ್ತದೆ, ವಕೀಲರು ಯಾರಾದರೂ ಇದ್ದರೆ ಹೇಳಿಕಳಿಸು ಎಂದರು. ಕಡ್ಡಿಯ ಮೇಲೂ ಕೇಸು ಬೀಳುತ್ತದೆ, ಅದು ದೊಡ್ಡದು, ಅವನು ಸದ್ಯಕ್ಕೆ ಎಲ್ಲಿಗೂ ಹೋಗುವುದಿಲ್ಲ. ಆದರೆ ನಿನ್ನದೂ ಬಿಡುವ ಹಾಗಿಲ್ಲ ಎಂದರು. ತಂದೆಯನ್ನು ನೋಡಿ ಬರಲು ಹತ್ತು ನಿಮಿಷ ಕೊಟ್ಟರು.

ವಾರ್ಡಿನ ಕೊನೆಯ ಮಂಚದಲ್ಲಿ ಅಪ್ಪ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ. ಅಕ್ಕ ಅಂಗಡಿಗೆ ಬೀಗ ಹಾಕಿ ಆಗಷ್ಟೇ ಬಂದಿದ್ದಳು. ಮಂಚದ ಪಕ್ಕ ನಿಂತು ಒಂದೇ ಕೈಯಲ್ಲಿ ಅಪ್ಪನ ಹೊದಿಕೆ ಸರಿಮಾಡುತ್ತಿದ್ದಳು.

"ಏನಂದೆ ಅವರಿಗೆ?"

"ಇದ್ದಿದ್ದನ್ನ ಅಂದೆ."

ಅಕ್ಕ ಹೊದಿಕೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದಳು. "ಮೂಳೆ ಕಡಿಯೋದು ಎಡಗೈಯಲ್ಲಿ ಆಗುತ್ತಾ?"

"ಕಲಿತ್ರೆ ಆಗುತ್ತೆ. ನಿಂಗೆ ರಕ್ತ ಕಂಡ್ರೆ ಆಗಲ್ವಲ್ಲ."

"ಇವತ್ತು ನೆಲ ಒರೆಸಿದ್ದು ಯಾರು ಅಂದ್ಕೊಂಡೆ? ನೀನು ಬರೋವರೆಗೂ ನಾನು ನೋಡ್ಕೋತೀನಿ."

ಅಪ್ಪ ಎಡಗೈಯ ಬೆರಳಾಡಿಸಿ ಚಿಕ್ಕವಳನ್ನು ಹತ್ತಿರ ಕರೆದ. ತಲೆ ಸವರುತ್ತಾನೆ ಎಂದುಕೊಂಡು ಅವಳು ಬಗ್ಗಿದಳು. ಅವನು ಅವಳ ಕೆನ್ನೆಗೆ ಹೊಡೆದ. ಕೈಯಲ್ಲಿ ಉಳಿದಿದ್ದ ಬಲವನ್ನೆಲ್ಲ ಸೇರಿಸಿ, ಸರಿಯಾಗಿಯೇ ಹೊಡೆದ. ವಾರ್ಡಿನವರೆಲ್ಲ ತಿರುಗಿ ನೋಡಿದರು. "ಅಪ್ಪಾ!" ಎಂದಳು ಅಕ್ಕ.

ಚಿಕ್ಕವಳು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಯಾವ ತಪ್ಪಿಗೆ ಬಿದ್ದ ಏಟು ಎಂದು ಅವಳಿಗೆ ಗೊತ್ತಿತ್ತು. ಕೆಲಸ ಕಲಿಯುವಾಗ ಅಪ್ಪ ಅದೇ ತಪ್ಪಿಗೆ ಎಷ್ಟೋ ಸಲ ಹೊಡೆದಿದ್ದ.

ಅಪ್ಪನ ಎಡಗಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಅವನು ಉಸಿರು ಸುಧಾರಿಸಿಕೊಂಡ. ಆಮೇಲೆ, ಹೊಡೆದ ಅದೇ ಕೈಯನ್ನು ಮಂಚದ ಕಬ್ಬಿಣದ ಅಂಚಿನ ಮೇಲೆ ಚಪ್ಪಟೆಯಾಗಿ ಊರಿದ.

ಪೇದೆ ಬಾಗಿಲಲ್ಲಿ ಬಂದು ನಿಂತು ಗಡಿಯಾರ ನೋಡಿಕೊಂಡ.

ಅವಳ ಕೈಯಲ್ಲಿ ಕೊಡಲು ಏನೂ ಇರಲಿಲ್ಲ. ಮುಷ್ಟಿ ಮಾತ್ರ ಬೆಳಗಿನಿಂದ ಬಿಚ್ಚದೆ ಹಾಗೇ ಇತ್ತು. ಅದನ್ನು ತಂದು ಹೊದಿಕೆಯ ಮೇಲೆ, ಅಪ್ಪನ ಕೈಯ ಎದುರಿಗಿಟ್ಟು, ಬೆರಳು ಬಿಡಿಸಿದಳು. ಎರಡು ಬೆರಳು ಜೋಡಿಸಿ ಕಬ್ಬಿಣವನ್ನು ಎರಡು ಸಲ ಬಡಿದಳು. ಕೈ ಎತ್ತಿದಳು, ಅಪ್ಪನಿಗೆ ಕಾಣುವಷ್ಟು ಎತ್ತರಕ್ಕೆ.

ಅಪ್ಪ ಅದನ್ನು ನೋಡಿದ ಮೇಲೆಯೇ ಬೆರಳು ಮಡಚಿ, ಇಲ್ಲದ ಹಿಡಿಯನ್ನು ಹಿಡಿದುಕೊಂಡ.